ಮೂರು ತೂಕದ ಯಂತ್ರಗಳಿಗೆ ಒಂದೇ ಪ್ರಶ್ನೆ: ಚೀಲ ಕಳೆಯಲು ಬರುತ್ತದೆಯೇ?

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಳಿ ಅಂಗಡಿಗೆ ಎರಡು ವರ್ಷದ ಹಿಂದೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ತೂಕದ ಯಂತ್ರದಿಂದ ಕೇಬಲ್ಲಿನಲ್ಲಿ ಬರುವ ಅಂಕಿಯನ್ನು ಓದಿ, ಚೀಲವಾರು ಕೂಡಿಸಿ, ರೈತನ ಕೈಗೆ ಕೊಡುವ ಲೆಕ್ಕದ ಪಟ್ಟಿಯನ್ನು ಅದು ಮುದ್ರಿಸುತ್ತದೆ. ಆಗ ಇದ್ದದ್ದು ಒಂದೇ ಯಂತ್ರ. ಈ ಸಲ ಮೆಕ್ಕೆಜೋಳದ ಸುಗ್ಗಿಗೆ ಸಾಹುಕಾರರು ಇನ್ನೆರಡನ್ನು ತಂದಿಳಿಸಿದರು. ‘ಕೇಬಲ್ ಚುಚ್ಚಿದರೆ ಆಯಿತಲ್ಲವೇ ತಮ್ಮಾ’ ಎಂದರು. ಆಯಿತು ಎಂದೇ ನಾನೂ ತಲೆಯಾಡಿಸಿದೆ. ತಿಂಗಳು ಹಿಡಿಯಿತು. ಕೇಬಲ್ಲಿನ ಕೆಲಸ ಅರ್ಧ ದಿನದ್ದು. ಉಳಿದ ದಿನಗಳೆಲ್ಲ ಹೋದದ್ದು ‘ಈ ಯಂತ್ರಕ್ಕೆ ಇದು ಬರುತ್ತದೆಯೇ’ ಎಂದು ಪ್ರೋಗ್ರಾಮಿನ ಒಳಗೆ ಸರಿಯಾಗಿ ಕೇಳುವುದನ್ನು ಕಲಿಯುವುದಕ್ಕೆ. ದಿನಚರಿಯಲ್ಲಿ ಗೀಚಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಸಾಮಾನು ಮತ್ತು ಖರ್ಚು

ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7. ಆದ್ದರಿಂದ ಪ್ರೋಗ್ರಾಂ ಬರೆದ ಭಾಷೆ ಪೈಥಾನ್, ಆವೃತ್ತಿ 3.8. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಆವೃತ್ತಿ ಅದೇ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕನ್ವರ್ಟರ್ ಎರಡು, ತಲಾ ರೂ. 450. ಒಂಬತ್ತು ಪಿನ್ನಿನ ಕೇಬಲ್ ಎರಡು, ತಲಾ ರೂ. 180. ಒಟ್ಟು ರೂ. 1,260. ಮಲ್ಟಿಮೀಟರ್ ನನ್ನ ಬಳಿಯೇ ಇತ್ತು.

ಯಂತ್ರಗಳು ಮೂರು. ಹಳೆಯದನ್ನು ಹಮಾಲರು ‘ಮುದುಕಪ್ಪ’ ಎನ್ನುತ್ತಾರೆ; ಅದು ತೂಕವನ್ನು ಒಂದೇ ಸಮನೆ ಒದರುತ್ತಿರುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ. ಹೊಸದು ‘ಬಿಳಿ’. ಕಂಪ್ಯೂಟರಿನಿಂದ ಆಜ್ಞೆ ಕಳಿಸಿದರೆ ತಟ್ಟೆಯ ಮೇಲಿರುವ ಖಾಲಿ ಚೀಲದ ತೂಕವನ್ನು ನೆನಪಿಟ್ಟುಕೊಂಡು, ಮುಂದೆ ಬರುವ ಪ್ರತಿ ಚೀಲದಲ್ಲೂ ಅಷ್ಟನ್ನು ಕಳೆದು ತೋರಿಸುತ್ತದೆ. ಇಂಗ್ಲಿಷಿನವರ ಟೇರ್ ಎಂದರೆ ಇದೇ. ಮೂರನೆಯದು ಗೋದಾಮಿನಲ್ಲಿದೆ, ಅದರ ಕಥೆ ಮುಂದೆ ಬರುತ್ತದೆ.

ಹತ್ತು ಖಾಲಿ ಗೋಣಿಚೀಲಗಳನ್ನು ಒಟ್ಟಿಗೆ ತೂಗಿದೆ: 6 ಕಿಲೋ 20 ಗ್ರಾಂ. ಚೀಲಕ್ಕೆ 600 ಗ್ರಾಂ ಎಂದು ಹಿಡಿದೆವು.

ಪ್ರೋಗ್ರಾಮಿನಲ್ಲಿ ಯಂತ್ರಕ್ಕೊಂದು ಕ್ಲಾಸ್, ಅಂದರೆ ಆ ಯಂತ್ರಕ್ಕೆ ಏನೇನು ಬರುತ್ತದೆಂದು ಬರೆದಿಟ್ಟ ನಕ್ಷೆ. ಪ್ರೋಗ್ರಾಂ ಓಡುವಾಗ ಅದರಿಂದ ಹುಟ್ಟುವುದು ಆಬ್ಜೆಕ್ಟ್. ಬಿಲ್ಲು ಮಾಡುವ ಭಾಗಕ್ಕೆ ಬೇಕಾದದ್ದು ಇಷ್ಟೇ: ಕೈಗೆ ಬಂದ ಆಬ್ಜೆಕ್ಟಿಗೆ ಚೀಲ ಕಳೆಯಲು ಬಂದರೆ ಅದರಿಂದಲೇ ಮಾಡಿಸು, ಬಾರದಿದ್ದರೆ 600 ಗ್ರಾಮನ್ನು ನೀನೇ ಕಳೆ.

ಪೈಥಾನ್ 3 ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತದೆ, ನಾನು ಹಾಗೆಯೇ ಬರೆಯುತ್ತೇನೆ. ಚೀಲ ಕಳೆಯುವ ಮೆಥಡ್ಡಿನ (ಕ್ಲಾಸಿನೊಳಗೆ ಒಂದು ಕೆಲಸಕ್ಕೆಂದು ಬರೆದ ಕೋಡ್) ಹೆಸರು ‘ಚೀಲ_ಕಳೆ’. ಮೊದಲು ‘ಟೇರ್‌ಮಾಡು’ ಎಂದು ಇಟ್ಟಿದ್ದೆ. ರೇಫ ಮತ್ತು ಮಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹಾಕಬೇಕಲ್ಲ, ಅದನ್ನು ಪೈಥಾನ್ ಒಪ್ಪುವುದಿಲ್ಲ. ಕಾಣದ ತಪ್ಪನ್ನು ಹುಡುಕಲು ಮುಕ್ಕಾಲು ಗಂಟೆ. ಕನ್ನಡದಲ್ಲಿ ಹೆಸರಿಡುವವರು ಅರ್ಧಾಕ್ಷರ ಬಾರದ ಪದಗಳನ್ನೇ ಆರಿಸಿಕೊಳ್ಳಿ.

ಹಂತ 1 – ಅಕ್ಟೋಬರ್ 27: ಜಾತಿ ಕೇಳಿದ್ದು

ಮೊದಲು ಬರೆದದ್ದು ಎಲ್ಲರೂ ಬರೆಯುವಂಥದ್ದೇ. ಆಬ್ಜೆಕ್ಟಿನ ಟೈಪ್ (ಅದು ಯಾವ ಕ್ಲಾಸಿನದು ಎಂಬುದು) ‘ಬಿಳಿ’ ಆಗಿದ್ದರೆ ಚೀಲ ಕಳೆಯಲು ಹೇಳು, ಇಲ್ಲವಾದರೆ ನೀನೇ ಕಳೆ. ಬೆಳಿಗ್ಗೆ ಚೆನ್ನಾಗಿ ನಡೆಯಿತು.

ಮಧ್ಯಾಹ್ನ ಅಂಕಿಗಳು ಆಗಾಗ ತಪ್ಪಿಹೋಗುತ್ತಿವೆ ಅನ್ನಿಸಿ, ಯಂತ್ರ ಕಳಿಸುವುದನ್ನೆಲ್ಲ ಫೈಲಿಗೆ ಬರೆದಿಡುವ ಒಂದು ಹೊದಿಕೆಯ ಕ್ಲಾಸ್ ಮಾಡಿದೆ. ಯಾವ ಯಂತ್ರವನ್ನಾದರೂ ತನ್ನೊಳಗೆ ಇಟ್ಟುಕೊಂಡು, ಕೇಳಿದ್ದನ್ನೆಲ್ಲ ಒಳಗಿನದಕ್ಕೆ ದಾಟಿಸುತ್ತದೆ. ಆಮೇಲೆ ಬಿಲ್ಲಿನ ಭಾಗ ಟೈಪ್ ಕೇಳಿದಾಗ ಸಿಕ್ಕಿದ್ದು ‘ಹೊದಿಕೆ’, ‘ಬಿಳಿ’ ಅಲ್ಲ. ಬಿಳಿಗೆ ಚೀಲ ಕಳೆಯಲು ಬರುವುದಿಲ್ಲ ಎಂದು ತೀರ್ಮಾನವಾಯಿತು. ಈ ದಾರಿಯನ್ನು ಅಂದೇ ಬಿಟ್ಟೆ. ನಾಳೆ ನಾಲ್ಕನೆಯ ಯಂತ್ರ ಬಂದರೆ ಬಿಲ್ಲಿನ ಭಾಗವನ್ನು ಮತ್ತೆ ತಿದ್ದಬೇಕು, ಅದೂ ಬೇಡವಾಗಿತ್ತು.

ಹಂತ 2 – ಅಕ್ಟೋಬರ್ 29: ಹೆಸರು ಕೇಳಿದ್ದು, ರೂ. 529.20 ಕಳೆದದ್ದು

‘ಹ್ಯಾಸ್‌ಆಟ್ರ್’ ಎಂಬ ಫಂಕ್ಷನ್ ಇದೆ. ಈ ಆಬ್ಜೆಕ್ಟಿನಲ್ಲಿ ಈ ಹೆಸರಿನದೇನಾದರೂ ಇದೆಯೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನುತ್ತದೆ. ‘ಚೀಲ_ಕಳೆ’ ಇದೆಯೇ ಎಂದು ಕೇಳಿದೆ. ಬಿಳಿ ಹೌದು ಎಂದಿತು. ಹೊದಿಕೆಯ ಒಳಗಿದ್ದರೂ ಹೌದು ಎಂದಿತು. ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತೆಂದು ಗೆದ್ದವನಂತೆ ಬೆಣ್ಣೆದೋಸೆ ತಿನ್ನಲು ಹೋದೆ.

ಮುದುಕಪ್ಪನಿಗೆ ಅದೇ ಪ್ರಶ್ನೆ ಹಾಕಿ ನೋಡಿರಲಿಲ್ಲ.

ಸಂಜೆ ಗುಮಾಸ್ತರು ತಮ್ಮ ಕೈಬರಹದ ಪುಸ್ತಕ ಹಿಡಿದುಕೊಂಡು ಬಂದರು. ಅವರು ಕಂಪ್ಯೂಟರನ್ನು ಎಂದೂ ನಂಬಿದವರಲ್ಲ. ಒಂದು ಲಾಟಿನಲ್ಲಿ 42 ಚೀಲ. ಅವರ ಲೆಕ್ಕಕ್ಕೂ ನನ್ನ ಪಟ್ಟಿಗೂ 25 ಕಿಲೋ 200 ಗ್ರಾಂ ವ್ಯತ್ಯಾಸ. ‘ಇಪ್ಪತ್ತೈದು ಕಿಲೋ ಗೋಣಿಯನ್ನೂ ಜೋಳದ ದರಕ್ಕೇ ಕೊಂಡಿದ್ದೇವೆ’ ಎಂದರು. 42ನ್ನು 600 ಗ್ರಾಮಿನಿಂದ ಗುಣಿಸಿದರೆ ಸರಿಯಾಗಿ ಅಷ್ಟೇ. ಅಂದಿನ ದರ ಕ್ವಿಂಟಲ್‌ಗೆ ರೂ. 2,100. ನಷ್ಟ ರೂ. 529.20, ಸಾಹುಕಾರರದ್ದು.

ಮೂರು ಯಂತ್ರಗಳ ಕ್ಲಾಸುಗಳಿಗೂ ಒಂದು ಮೂಲ ಕ್ಲಾಸ್ ಇದೆ. ಎರಡು ವರ್ಷದ ಹಿಂದೆ, ಮುಂದೆಂದಾದರೂ ಬೇಕಾದೀತು ಎಂದು ಅದರಲ್ಲಿ ನಾನೇ ‘ಚೀಲ_ಕಳೆ’ ಎಂಬ ಖಾಲಿ ಮೆಥಡ್ ಬರೆದಿಟ್ಟಿದ್ದೆ. ಒಳಗೆ ಏನೂ ಇಲ್ಲ, ‘ಪಾಸ್’ ಎಂಬ ಒಂದು ಪದ. ಮುದುಕಪ್ಪ ಅದನ್ನು ಪಿತ್ರಾರ್ಜಿತವಾಗಿ ಪಡೆದುಕೊಂಡಿತ್ತು. ಹೆಸರು ಕೇಳಿದಾಗ ಇದೆ ಎಂದಿತು. ಚೀಲ ಕಳೆ ಎಂದಾಗ ಸುಮ್ಮನೆ ‘ಆಯಿತು’ ಎಂದು ಏನನ್ನೂ ಮಾಡದೆ ಕುಳಿತಿತು. ತಪ್ಪಿನ ಸಂದೇಶವಿಲ್ಲ, ಕೆಂಪು ಅಕ್ಷರವಿಲ್ಲ. ಖಾಲಿ ಮೆಥಡ್ಡಿನ ಬದಲು ತಪ್ಪಿನ ಸಂದೇಶ ಕೊಡುವ ಮೆಥಡ್ ಬರೆದಿದ್ದರೆ ಕನಿಷ್ಠ ಪಕ್ಷ ಮೊದಲ ಚೀಲಕ್ಕೇ ಕೆಲಸ ನಿಲ್ಲುತ್ತಿತ್ತು; ಆದರೂ ‘ಹ್ಯಾಸ್‌ಆಟ್ರ್’ ಹೌದು ಎಂದೇ ಹೇಳುತ್ತಿತ್ತು.

ಹಂತ 3 – ನವೆಂಬರ್ 2ರಿಂದ 5: ಕೇಬಲ್ಲಿನ ಮೇಲೆ ಹೊರಿಸಿದ ತಪ್ಪು

ಮೂಲ ಕ್ಲಾಸಿನಿಂದ ಖಾಲಿ ಮೆಥಡ್ ಕಿತ್ತುಹಾಕಿದೆ. ಮುದುಕಪ್ಪ ಈಗ ಇಲ್ಲ ಎನ್ನುತ್ತದೆ, ಬಿಳಿ ಹೌದು ಎನ್ನುತ್ತದೆ. ಅಲ್ಲಿಗೇ ಬಿಡಬಹುದಿತ್ತು. ಕೈ ಸುಮ್ಮನಿರಲಿಲ್ಲ.

ಹಮಾಲರು ಚೀಲವನ್ನು ತಟ್ಟೆಯ ಮೇಲೆ ಇಳಿಸುವುದಿಲ್ಲ, ಎತ್ತಿಹಾಕುತ್ತಾರೆ. ಬಿದ್ದ ಕ್ಷಣ ಅಂಕಿ ಮೇಲೆ ಹಾರಿ, ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಬಿಳಿ ಯಂತ್ರ ಪ್ರತಿ ಸಾಲಿನ ಆರಂಭದಲ್ಲಿ ತೂಕ ನಿಂತಿದ್ದರೆ ‘ಎಸ್‌ಟಿ’ ಎಂದೂ ಅಲುಗಾಡುತ್ತಿದ್ದರೆ ‘ಯುಎಸ್’ ಎಂದೂ ಕಳಿಸುತ್ತದೆ. ಮುದುಕಪ್ಪನಿಗೆ ಈ ಗುರುತಿಲ್ಲ. ಬಿಳಿಯ ಕ್ಲಾಸಿನಲ್ಲಿ ‘ಸ್ಥಿರ’ ಎಂಬ ಪ್ರಾಪರ್ಟಿ (ಓದಿದಾಗಲೆಲ್ಲ ಕೋಡ್ ಓಡಿಸಿ ಉತ್ತರ ಕೊಡುವ ಹೆಸರು) ಬರೆದು, ಪ್ರೋಗ್ರಾಂ ಶುರುವಾಗುವಾಗ ಒಮ್ಮೆ ‘ಹ್ಯಾಸ್‌ಆಟ್ರ್’ನಿಂದ ಕೇಳುವಂತೆ ಮಾಡಿದೆ: ‘ಸ್ಥಿರ’ ಇದ್ದರೆ ತೂಕ ನಿಲ್ಲುವವರೆಗೆ ಕಾಯಿ, ಇಲ್ಲದಿದ್ದರೆ ಎರಡು ಸೆಕೆಂಡು ಬಿಟ್ಟು ಓದು.

ಆ ಎರಡು ಸೆಕೆಂಡಿನಲ್ಲಿ ಮುದುಕಪ್ಪ ಶಾಂತವಾಗುತ್ತಿತ್ತು. ಬಿಳಿ ಮಾತ್ರ ಕೆಲವು ದಿನ ಸರಿ, ಕೆಲವು ದಿನ ಹುಚ್ಚು. ಒಂದು ಚೀಲ 61.2 ಎಂದಾದರೆ ಮುಂದಿನದು 68.4. ಹಮಾಲರ ಹಿರಿಯ ಚೀಲವನ್ನು ಕೈಯಿಂದಲೇ ಎತ್ತಿ ನೋಡಿ ‘ಇದು ಅರವತ್ತೆಂಟು ಅಲ್ಲ ಅಣ್ಣಾ’ ಎಂದ. ಅವನ ಕೈ ತಪ್ಪುವುದಿಲ್ಲ. ಕೇಬಲ್ ಕೆಟ್ಟಿರಬೇಕೆಂದು ಮಲ್ಟಿಮೀಟರ್ ಹಿಡಿದು ಒಂಬತ್ತು ಪಿನ್ನನ್ನೂ ಪರೀಕ್ಷಿಸಿದೆ. ಸರಿಯಿತ್ತು. ಆದರೂ ಹೊಸ ಕೇಬಲ್ ತಂದೆ, ರೂ. 180 ದಂಡ. ಕನ್ವರ್ಟರ್ ಬದಲಿಸಿದೆ. ಎರಡು ದಿನ ಹೋಯಿತು.

ಕೊನೆಗೆ ‘ಹ್ಯಾಸ್‌ಆಟ್ರ್’ ತೆಗೆದು, ‘ಸ್ಥಿರ’ವನ್ನು ನೇರವಾಗಿ ಓದಿಸಿದೆ. ಆಗ ಬಾಯಿ ಬಿಟ್ಟಿತು: ‘ನನ್’ಗೆ (ಪೈಥಾನಿನಲ್ಲಿ ‘ಏನೂ ಇಲ್ಲ’ ಎಂಬುದರ ಹೆಸರು) ‘ಸ್ಟಾರ್ಟ್ಸ್‌ವಿತ್’ ಎಂಬ ಮೆಥಡ್ ಇಲ್ಲ.

ಆದದ್ದು ಇದು. ‘ಹ್ಯಾಸ್‌ಆಟ್ರ್’ ಹೆಸರನ್ನು ಪಟ್ಟಿಯಲ್ಲಿ ಹುಡುಕುವುದಿಲ್ಲ. ನಿಜವಾಗಿಯೇ ಅದನ್ನು ಓದಿ ನೋಡುತ್ತದೆ. ಪ್ರಾಪರ್ಟಿಯಾದರೆ ಅದರೊಳಗಿನ ಕೋಡ್ ಓಡುತ್ತದೆ. ನನ್ನ ‘ಸ್ಥಿರ’ ಕೊನೆಯದಾಗಿ ಬಂದ ಸಾಲನ್ನು ನೋಡುತ್ತಿತ್ತು. ಮೊದಲ ಸಾಲು ಇನ್ನೂ ಬಂದಿರದಿದ್ದರೆ ಅಲ್ಲಿ ಏನೂ ಇಲ್ಲ, ಹಾಗಾಗಿ ಅಟ್ರಿಬ್ಯೂಟ್ ಎರರ್, ಅಂದರೆ ಕೇಳಿದ ಹೆಸರು ಇಲ್ಲ ಎನ್ನುವ ತಪ್ಪು. ‘ಹ್ಯಾಸ್‌ಆಟ್ರ್’ ಆ ಎರರನ್ನು ನುಂಗಿ ‘ಇಲ್ಲ’ ಎಂದು ಉತ್ತರ ಕೊಡುತ್ತದೆ. ಹೆಸರೇ ಇಲ್ಲದಿರುವುದಕ್ಕೂ, ಹೆಸರಿದ್ದು ಒಳಗೆ ಮುಗ್ಗರಿಸಿದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಕಂಪ್ಯೂಟರ್ ನಿಧಾನವಾಗಿ ಎದ್ದ ದಿನ ಮೊದಲ ಸಾಲು ಬಂದಿರುತ್ತಿತ್ತು, ಬಿಲ್ಲು ಸರಿ. ಚುರುಕಾಗಿ ಎದ್ದ ದಿನ ಬಂದಿರುತ್ತಿರಲಿಲ್ಲ, ದಿನವಿಡೀ ತಪ್ಪು. ಬಿಳಿಯ ತಟ್ಟೆ ದೊಡ್ಡದು, ಅದಕ್ಕೆ ಎರಡು ಸೆಕೆಂಡು ಸಾಲುವುದಿಲ್ಲ.

ಪೈಥಾನ್ 2ರಲ್ಲಿ ಇದು ಇನ್ನೂ ಕೆಟ್ಟದಾಗಿತ್ತು, ಯಾವ ಎರರ್ ಬಂದರೂ ನುಂಗುತ್ತಿತ್ತು. 3.2ರಿಂದ ಈಚೆಗೆ ನುಂಗುವುದು ಅಟ್ರಿಬ್ಯೂಟ್ ಎರರನ್ನು ಮಾತ್ರ. ನನ್ನ ಹಣೆಗೆ ಬಂದದ್ದು ಅದೇ.

ಹಂತ 4 – ನವೆಂಬರ್ 6: ಪ್ರೋಟೊಕಾಲ್

ಪೈಥಾನ್ 3.8ರಲ್ಲಿ ಬಂದ ಪ್ರೋಟೊಕಾಲ್ ಬಳಸಿದೆ. ಯಾವ ಯಾವ ಮೆಥಡ್ ಇರಬೇಕೆಂದು ಒಂದು ಕಡೆ ಬರೆದಿಟ್ಟರೆ, ಅವು ಇರುವ ಯಾವ ಆಬ್ಜೆಕ್ಟನ್ನಾದರೂ ‘ಇದು ಈ ಬಗೆಯದೇ’ ಎಂದು ಕೇಳುವ ‘ಈಸ್‌ಇನ್‌ಸ್ಟನ್ಸ್’ ಒಪ್ಪಿಕೊಳ್ಳುತ್ತದೆ. ಕ್ಲಾಸು ಆ ಪ್ರೋಟೊಕಾಲಿನ ಹೆಸರನ್ನೂ ಕೇಳಿರಬೇಕಾಗಿಲ್ಲ. ಮೊದಲ ಓಟಕ್ಕೆ ಟೈಪ್ ಎರರ್: ‘ರನ್‌ಟೈಮ್ ಚೆಕೆಬಲ್’ ಎಂಬ ಡೆಕೊರೇಟರ್ (ಕ್ಲಾಸಿನ ತಲೆಯ ಮೇಲೆ ಬರೆಯುವ ಗುರುತು) ಹಾಕಿರಲಿಲ್ಲ. ಹಾಕಿದೆ, ಓಡಿತು. ಐದು ದಿನ ನಿದ್ದೆ ಚೆನ್ನಾಗಿ ಬಂತು.

ಹಂತ 5 – ನವೆಂಬರ್ 11: ಗೋದಾಮಿನ ಯಂತ್ರ

ಗೋದಾಮಿನ ಯಂತ್ರದ ಡ್ರೈವರನ್ನು (ಯಂತ್ರದೊಡನೆ ಮಾತಾಡುವ ಕೋಡ್) ಬರೆಯಲು ನನ್ನ ಬಳಿ ಕೆಲಸ ಕಲಿಯುತ್ತಿರುವ ಹುಡುಗನಿಗೆ ಕೊಟ್ಟಿದ್ದೆ. ಚೆನ್ನಾಗಿ ಬರೆದ. ಆದರೆ ಆ ಯಂತ್ರ ಖಾಲಿ ಚೀಲವನ್ನು ತಾನೇ ತೂಗಿ ನೆನಪಿಟ್ಟುಕೊಳ್ಳುವುದಿಲ್ಲ. ಎಷ್ಟು ಕಳೆಯಬೇಕೆಂದು ಅಂಕಿಯಲ್ಲಿ ಹೇಳಬೇಕು. ಅದಕ್ಕೆ ತಕ್ಕಂತೆ ಅವನ ‘ಚೀಲ_ಕಳೆ’ ಒಂದು ತೂಕವನ್ನು ಕೇಳುತ್ತದೆ. ನನ್ನದು ಏನನ್ನೂ ಕೇಳುವುದಿಲ್ಲ.

‘ಈಸ್‌ಇನ್‌ಸ್ಟನ್ಸ್’ ಹೌದು ಎಂದಿತು. ಕರೆದ ತಕ್ಷಣ ಬಿದ್ದಿತು: ಒಂದು ಆರ್ಗ್ಯುಮೆಂಟ್ (ಮೆಥಡ್ಡನ್ನು ಕರೆಯುವಾಗ ಕೊಡಬೇಕಾದ ಅಂಕಿ) ಕಡಿಮೆ. ಪ್ರೋಗ್ರಾಂ ಓಡುವಾಗಿನ ಈ ಪರೀಕ್ಷೆ ಹೆಸರನ್ನು ಮಾತ್ರ ನೋಡುತ್ತದೆ. ಮೆಥಡ್ ಏನು ತೆಗೆದುಕೊಳ್ಳುತ್ತದೆ, ಏನು ಹಿಂದಿರುಗಿಸುತ್ತದೆ ಎಂಬುದರ ಗೊಡವೆಗೇ ಹೋಗುವುದಿಲ್ಲ. ಅಂದರೆ ಹಂತ 2ರ ‘ಹ್ಯಾಸ್‌ಆಟ್ರ್’ಗೇ ಹೊಸ ಅಂಗಿ ತೊಡಿಸಿದ್ದೆ. ಮನೆಗೆ ಹೋಗಿ ಮೈಪೈ ಎಂಬ ತಪಾಸಣೆಯ ಪ್ರೋಗ್ರಾಂ ಓಡಿಸಿದೆ. ಅದು ಕೋಡನ್ನು ಓಡಿಸದೆ ಓದಿಯೇ, ಎರಡೂ ಹೊಂದುವುದಿಲ್ಲ ಎಂದು ಹೇಳಿತು. ಅಂಗಡಿಗೆ ಕೊಡುವ ಮೊದಲೇ ಓಡಿಸಬೇಕಿತ್ತು. ಹುಡುಗನನ್ನು ಬೈದಿದ್ದೆ, ಮರುದಿನ ಟೀ ಕುಡಿಸಿದೆ.

ಸರಿಪಡಿಸಿದ್ದು: 600 ಗ್ರಾಮನ್ನು ತನ್ನಲ್ಲಿಟ್ಟುಕೊಂಡು ಅವನ ಮೆಥಡ್ಡನ್ನು ಕರೆಯುವ ಎಂಟು ಸಾಲಿನ ಸಣ್ಣ ಕ್ಲಾಸ್.

ಹಂತ 6 – ನವೆಂಬರ್ 17: ಹೊಸ ಕಂಪ್ಯೂಟರ್, ರೈತನ ಹತ್ತು ಕಿಲೋ

ಹಳೆಯ ಕಂಪ್ಯೂಟರ್ ಜೋಳದ ದೂಳು ಕುಡಿದು ನಿಂತಿತು. ಸಾಹುಕಾರರು ರೂ. 14,500 ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ತಂದರು. ವಿಂಡೋಸ್ 10. ನಾನು ಪೈಥಾನ್ 3.12 ಹಾಕಿ, ಪ್ರೋಗ್ರಾಮನ್ನು ಹಾಗೆಯೇ ನಕಲು ಮಾಡಿದೆ. ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ಆ ದಿನ ಬಿಳಿಯಲ್ಲಿ ಜಗಳೂರು ಕಡೆಯ ರೈತರೊಬ್ಬರ 18 ಚೀಲ ತೂಗಿದರು. ರಾತ್ರಿ ಗುಮಾಸ್ತರ ಪುಸ್ತಕಕ್ಕೂ ಪಟ್ಟಿಗೂ 10 ಕಿಲೋ 800 ಗ್ರಾಂ ಅಂತರ. ಈ ಸಲ ಕಡಿಮೆ ಬಂದದ್ದು ರೈತನಿಗೆ.

ಯಂತ್ರದಲ್ಲಿ ಹಿಂದಿನ ಲಾಟಿನ ಚೀಲದ ತೂಕ ನೆನಪಿನಲ್ಲಿಯೇ ಇತ್ತು, ಅದು 600 ಗ್ರಾಂ ಕಳೆದೇ ತೋರಿಸುತ್ತಿತ್ತು. ಪ್ರೋಗ್ರಾಂ ‘ಇದಕ್ಕೆ ಚೀಲ ಕಳೆಯಲು ಬರುವುದಿಲ್ಲ’ ಎಂದುಕೊಂಡು ಇನ್ನೊಮ್ಮೆ 600 ಕಳೆದಿತ್ತು. ಹಳೆಯ ಕಂಪ್ಯೂಟರಿನಲ್ಲಿ ಹೌದು ಎನ್ನುತ್ತಿದ್ದ ಅದೇ ಸಾಲು ಹೊಸದರಲ್ಲಿ ಇಲ್ಲ ಎನ್ನುತ್ತಿತ್ತು.

ಕಾರಣ ಮತ್ತೆ ಆ ಹೊದಿಕೆ. 3.8ರಲ್ಲಿ ಪ್ರೋಟೊಕಾಲ್ ಪರೀಕ್ಷೆ ಆಬ್ಜೆಕ್ಟನ್ನು ‘ಹ್ಯಾಸ್‌ಆಟ್ರ್’ನಂತೆಯೇ ಕೇಳುತ್ತಿತ್ತು, ಹೊದಿಕೆ ಪ್ರಶ್ನೆಯನ್ನು ಒಳಗಿನ ಬಿಳಿಗೆ ದಾಟಿಸಿ ಹೌದು ಎನ್ನಿಸುತ್ತಿತ್ತು. 3.12ರಿಂದ ಆ ಪರೀಕ್ಷೆ ‘ಗೆಟ್‌ಆಟ್ರ್ ಸ್ಟ್ಯಾಟಿಕ್’ ಎಂಬುದನ್ನು ಬಳಸುತ್ತದೆ. ಅದು ಯಾವ ಕೋಡನ್ನೂ ಓಡಿಸದೆ, ಆಬ್ಜೆಕ್ಟಿನಲ್ಲೂ ಅದರ ಕ್ಲಾಸಿನಲ್ಲೂ ಹೆಸರು ನಿಜವಾಗಿ ಬರೆದಿದೆಯೇ ಎಂದಷ್ಟೇ ನೋಡುತ್ತದೆ. ಹೊದಿಕೆಯಲ್ಲಿ ‘ಚೀಲ_ಕಳೆ’ ಎಂದು ಬರೆದಿಲ್ಲ, ಹಾಗಾಗಿ ಇಲ್ಲ. ಬದಲಾವಣೆ ಒಳ್ಳೆಯದೇ. ಮೊದಲೇ ಹೀಗಿದ್ದರೆ ಹಂತ 3ರ ಪ್ರಾಪರ್ಟಿ ಕಾಟ ಪ್ರೋಟೊಕಾಲಿನಲ್ಲಿ ಇರುತ್ತಲೇ ಇರಲಿಲ್ಲ. ಹೊಸ ಆವೃತ್ತಿಯ ಬದಲಾವಣೆಗಳ ಟಿಪ್ಪಣಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದೂ ಇದ್ದಾರೆ. ಓದದವನು ನಾನು.

ಸಾಹುಕಾರರು ಮರುದಿನ ರೈತರಿಗೆ ಫೋನ್ ಮಾಡಿ ‘ಯಜಮಾನರೇ, ನಿಮ್ಮ ಹತ್ತು ಕಿಲೋ ಎಂಟುನೂರು ಗ್ರಾಂ ನಮ್ಮ ಹತ್ತಿರ ಉಳಿದಿದೆ’ ಎಂದು ಹೇಳಿ, ರೂ. 226.80ಕ್ಕೆ ರೂ. 230 ಕಳಿಸಿದರು. ನನ್ನ ಕಡೆ ನೋಡಲಿಲ್ಲ. ಮೊದಲ ಸಲ 529 ಹೋದಾಗ ನಕ್ಕಿದ್ದವರು.

ಹಂತ 7 – ನವೆಂಬರ್ 23, ಭಾನುವಾರ: ಸಹಿ ಹಾಕಿಸಿಕೊಂಡದ್ದು

ಮಾರುಕಟ್ಟೆಗೆ ರಜೆ. ಖಾಲಿ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಕುಳಿತು ಎಲ್ಲವನ್ನೂ ಬಿಚ್ಚಿ ಕಟ್ಟಿದೆ.

ಪ್ರೋಟೊಕಾಲ್ ತೆಗೆದೆ. ‘ಚೀಲಕಳೆಯುವವ’ ಎಂಬ ಅಬ್‌ಸ್ಟ್ರಾಕ್ಟ್ ಬೇಸ್ ಕ್ಲಾಸ್ (ತಾನೇ ಕೆಲಸ ಮಾಡದೆ, ಬೇರೆ ಕ್ಲಾಸುಗಳಿಗೆ ಕರಾರು ಹಾಕುವ ಮೂಲ ಕ್ಲಾಸ್) ಮಾಡಿ, ‘ಚೀಲ_ಕಳೆ’ಯನ್ನು ಅದರಲ್ಲಿ ಕಡ್ಡಾಯದ ಮೆಥಡ್ ಎಂದು ಗುರುತಿಸಿದೆ. ಬಿಳಿಯೂ ಗೋದಾಮಿನ ಎಂಟು ಸಾಲಿನ ಕ್ಲಾಸೂ ‘ನಾನು ಚೀಲಕಳೆಯುವವ’ ಎಂದು ತಮ್ಮ ಮೊದಲ ಸಾಲಿನಲ್ಲೇ ಬರೆದುಕೊಳ್ಳಬೇಕು. ಮುದುಕಪ್ಪ ಬರೆದುಕೊಳ್ಳುವುದಿಲ್ಲ. ಬಿಲ್ಲಿನ ಭಾಗ ‘ಈಸ್‌ಇನ್‌ಸ್ಟನ್ಸ್’ ಕೇಳುವುದು ಆ ಹೆಸರಿನ ಬಗ್ಗೆ. ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ‘ಇಂಪ್ಲಿಮೆಂಟ್ಸ್’ ಎಂದು ಮೊದಲ ದಿನದಿಂದಲೂ ಬರೆಯುವುದು ಇದನ್ನೇ. ಇಷ್ಟುದ್ದ ಬರೆಯಬೇಕಲ್ಲ ಎಂದು ಅವರನ್ನು ನೋಡಿ ನಕ್ಕಿದ್ದೇನೆ.

ಹೆಸರು ಬರೆದುಕೊಂಡು ಮೆಥಡ್ ಬರೆಯಲು ಮರೆತರೆ ಆಬ್ಜೆಕ್ಟ್ ಹುಟ್ಟುವುದೇ ಇಲ್ಲ, ಟೈಪ್ ಎರರ್. ಬೇಕೆಂದೇ ಮರೆತು ನೋಡಿದೆ. ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ತಪ್ಪು ಎದುರಿಗೆ ಬರುತ್ತದೆ, ರೈತ ಲೆಕ್ಕಕ್ಕೆ ನಿಂತಾಗ ಅಲ್ಲ. ಆರ್ಗ್ಯುಮೆಂಟ್ ಹೆಚ್ಚು ಕಡಿಮೆಯಾದರೆ ಇದೂ ಗುರುತಿಸುವುದಿಲ್ಲ, ಅದಕ್ಕೆ ಮೈಪೈ ಇದೆ. ‘ರಿಜಿಸ್ಟರ್’ ಎಂಬ ಇನ್ನೊಂದು ದಾರಿಯೂ ಇದೆ, ಹೊರಗಿನ ಕ್ಲಾಸನ್ನು ಇದರ ಮಗ ಎಂದು ಘೋಷಿಸಬಹುದು. ಅದರಲ್ಲಿ ಮೆಥಡ್ ಇದೆಯೋ ಇಲ್ಲವೋ ಎಂದು ಪೈಥಾನ್ ನೋಡುವುದೇ ಇಲ್ಲ. ಚೀಲ ಹೊರಿಸಿ ನೋಡದೆ ಹಮಾಲಿ ಲೈಸೆನ್ಸ್ ಕೊಟ್ಟಂತೆ. ಮುಟ್ಟಲಿಲ್ಲ.

ಹೊದಿಕೆಯನ್ನು ಅಳಿಸಿದೆ. ಫೈಲಿಗೆ ಬರೆಯುವ ಕೆಲಸ ಮೂಲ ಕ್ಲಾಸಿನ ‘ಸಾಲು_ಓದು’ ಒಳಗೆ ಮೂರು ಸಾಲಿನಲ್ಲಿ ಮುಗಿಯಿತು. ಮೊದಲ ದಿನವೇ ಅಲ್ಲಿ ಬರೆಯಬಹುದಿತ್ತು.

ಹಂತ 8 – ನವೆಂಬರ್ 26: ಕ್ಲಾಸು ಹೌದು, ಯಂತ್ರ ಇಲ್ಲ

ಬಿಳಿಯ ಡಿಸ್‌ಪ್ಲೇ ಮಂಕಾಗಿತ್ತೆಂದು ಮೆಕ್ಯಾನಿಕ್ ಒಯ್ದು ಸರಿಮಾಡಿ ತಂದಿಟ್ಟ. ಅಂದಿನಿಂದ ಅದು ಅಂಕಿ ಕಳಿಸುತ್ತದೆ, ಆಜ್ಞೆ ಕೇಳುವುದಿಲ್ಲ. ಆಜ್ಞೆ ಸ್ವೀಕರಿಸುವ ಸೆಟ್ಟಿಂಗನ್ನು ಆತ ಆಫ್ ಮಾಡಿರಬೇಕು. ‘ಈಸ್‌ಇನ್‌ಸ್ಟನ್ಸ್’ ಹೌದು ಎನ್ನುತ್ತದೆ, ಅದು ಹೇಳುವುದು ಸುಳ್ಳಲ್ಲ: ಕ್ಲಾಸಿಗೆ ಬರುತ್ತದೆ. ಮೇಜಿನ ಮೇಲಿರುವ ಕಬ್ಬಿಣಕ್ಕೆ ಇವತ್ತು ಬರುವುದಿಲ್ಲ.

ಫೈಲಿನಲ್ಲಿ ಉಳಿದಿದ್ದ ಹಳೆಯ ಸಾಲುಗಳನ್ನು ತೆಗೆದು ನೋಡುತ್ತ ಕುಳಿತಾಗ ಕಣ್ಣಿಗೆ ಬಿದ್ದದ್ದು ‘ಎಸ್‌ಟಿ’ಯ ಪಕ್ಕದಲ್ಲಿರುವ ಇನ್ನೆರಡು ಅಕ್ಷರ. ಚೀಲ ಕಳೆಯದ ತೂಕವಾದರೆ ‘ಜಿಎಸ್’, ಕಳೆದ ತೂಕವಾದರೆ ‘ಎನ್‌ಟಿ’. ಬಿಳಿ ಪ್ರತಿ ಸಾಲಿನಲ್ಲೂ ಇದನ್ನು ಹೇಳುತ್ತಲೇ ಇತ್ತು. ಒಂದು ತಿಂಗಳಿನಿಂದ ನಾನು ಮೊದಲ ಎರಡು ಅಕ್ಷರ ನೋಡಿ, ಉಳಿದದ್ದನ್ನು ಕತ್ತರಿಸಿ ಎಸೆಯುತ್ತಿದ್ದೆ.

ಈಗ ಹೀಗಿದೆ: ಆಜ್ಞೆ ಕಳಿಸಿದ ಮೇಲೆ ಮೂರು ಸೆಕೆಂಡಿನೊಳಗೆ ‘ಎನ್‌ಟಿ’ ಬರಬೇಕು. ಬಾರದಿದ್ದರೆ ‘ಯಂತ್ರ ಚೀಲ ಕಳೆಯುತ್ತಿಲ್ಲ’ ಎಂದು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬಂದು, ಪ್ರೋಗ್ರಾಂ ತಾನೇ ಕಳೆಯುತ್ತದೆ. ‘ಎನ್‌ಟಿ’ ಇರುವ ಸಾಲಿನಿಂದ ಯಾವ ಕಾರಣಕ್ಕೂ ಎರಡನೆಯ ಸಲ ಕಳೆಯುವುದಿಲ್ಲ. ಹಂತ 6ರಲ್ಲಿ ಈ ಒಂದು ಸಾಲು ಇದ್ದಿದ್ದರೆ ಸಾಹುಕಾರರು ಫೋನ್ ಮಾಡಬೇಕಾಗುತ್ತಿರಲಿಲ್ಲ.

ಉಳಿದ ಕೆಲಸ

ಮೂರು ದಿನದಿಂದ ಪಟ್ಟಿಗೂ ಗುಮಾಸ್ತರ ಪುಸ್ತಕಕ್ಕೂ ತಾಳೆಯಾಗುತ್ತಿದೆ. ಅವರು ಪುಸ್ತಕ ಬರೆಯುವುದನ್ನು ನಿಲ್ಲಿಸಿಲ್ಲ, ನಿಲ್ಲಿಸಿ ಎನ್ನುವ ಮುಖ ನನಗಿಲ್ಲ. ಬಿಳಿಯ ಸೆಟ್ಟಿಂಗ್ ಇನ್ನೂ ಆಫ್ ಆಗಿಯೇ ಇದೆ. ತೂಕ-ಅಳತೆ ಇಲಾಖೆಯ ಮುದ್ರೆ ಇರುವ ಯಂತ್ರಕ್ಕೆ ನಾನು ಕೈ ಹಾಕುವುದಿಲ್ಲ. ಮೆಕ್ಯಾನಿಕ್‌ಗೆ ಎರಡು ಸಲ ಫೋನ್ ಮಾಡಿದೆ. ಸೋಮವಾರ ಬರುತ್ತೇನೆ ಎಂದಿದ್ದಾನೆ, ಯಾವ ಸೋಮವಾರ ಎಂದು ಹೇಳಿಲ್ಲ.